ಹುಬ್ಬಳ್ಳಿ-ಧಾರವಾಡದಾಗ ಲಗ್ನದಾಗ ಉಳಿದ ಅಡಿಗಿ ಹಸಿದವರಿಗೆ ಮುಟ್ಟಿಸೂ ಉದ್ಯಮ: ಎಲ್ಲಿಂದ ಶುರು ಮಾಡೂದು?

ಗೋಕುಲರಸ್ತೆ_ಐವರು

ಎಲ್ಲರಿಗೂ ನಮಸ್ಕಾರ. ನಾವು ಐದು ಮಂದಿ ಸೇರಿ ಹುಬ್ಬಳ್ಳಿಯಲ್ಲಿ ಒಂದು ಸಾಮಾಜಿಕ ಉದ್ಯಮ ಶುರು ಮಾಡುವ ತಯಾರಿಯಲ್ಲಿದ್ದೇವೆ. ಕಲ್ಯಾಣ ಮಂಟಪ, ಖಾನಾವಳಿ, ಹಾಸ್ಟೆಲ್‌ಗಳಲ್ಲಿ ಉಳಿಯುವ ಅಡುಗೆಯನ್ನು ತಂದು ಕಿಮ್ಸ್ ಹೊರಗೆ ಕೂತಿರುವ ರೋಗಿಗಳ ಕಡೆಯವರಿಗೆ, ಕಟ್ಟಡ ಕೆಲಸದವರ ಶೆಡ್ಡುಗಳಿಗೆ, ಸ್ಟೇಷನ್ ಹತ್ತಿರ ಮಲಗುವವರಿಗೆ ಮುಟ್ಟಿಸಬೇಕು ಅನ್ನುವುದು ಯೋಜನೆ. ಬರೀ ದೇಣಿಗೆ ಮೇಲೆ ನಡೆಸುವ ಮನಸ್ಸಿಲ್ಲ. ಎರಡು ವರ್ಷದೊಳಗೆ ಡ್ರೈವರ್ ಪಗಾರ ಮತ್ತು ಗಾಡಿ ಖರ್ಚನ್ನಾದರೂ ಸಂಸ್ಥೆ ತಾನೇ ದುಡಿದುಕೊಳ್ಳಬೇಕು.

ಸದ್ಯ ಒಂದು ಗೂಡ್ಸ್ ಆಟೊ, ಗೋಕುಲ ರಸ್ತೆಯಲ್ಲಿ ಎರಡು ಖೋಲಿ, ನಲ್ಲಿ ನೀರು ಇವೆ. ಕೇಳಬೇಕಾದದ್ದು ಮೂರು. ಯಾವ ಅಡುಗೆ ತರಬಹುದು, ಯಾವುದನ್ನು ಮುಟ್ಟಲೇಬಾರದು? ಟ್ರಸ್ಟ್, ಸಂಘ, ಕಂಪನಿ, ಇವುಗಳಲ್ಲಿ ಯಾವುದಾಗಿ ನೋಂದಾಯಿಸಬೇಕು? ರೊಕ್ಕ ಎಲ್ಲಿಂದ ಹುಟ್ಟುತ್ತದೆ?

ಧಾರವಾಡ_ಅಡಿಗಿಮನಿ

ಆ್ಯಪ್, ಲೋಗೊ, ಟೀ ಶರ್ಟ್ ಎಲ್ಲಾ ಆಮ್ಯಾಲ ಮಾಡ್ರಿ. ಮೊದಲ ಒಂದು ಗಡಿಯಾರ, ಒಂದು ಥರ್ಮಾಮೀಟರ್ ತಗೊಳ್ರಿ. ಈ ಕೆಲಸದಾಗ ಹಸಿದವರ ಹೊಟ್ಟಿ ಕೆಡಿಸಿದ್ರ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಅವರಿಗೆ ದವಾಖಾನಿ ಖರ್ಚಿಗೂ ರೊಕ್ಕ ಇರೂದಿಲ್ಲ.

ಬೇಯಿಸಿದ ಅಡಿಗಿ 60 ಡಿಗ್ರಿಗಿಂತ ಮ್ಯಾಲಿರಬೇಕು, ಇಲ್ಲಾ 5 ಡಿಗ್ರಿಗಿಂತ ಕೆಳಗಿರಬೇಕು. ಇವೆರಡರ ನಡುವ ಎಷ್ಟು ಹೊತ್ತು ಕುಂತೈತಿ ಅನ್ನೂದನ್ನ ಕೂಡಿಸ್ಕೋತ ಹೋಗ್ರಿ. ಎರಡು ತಾಸಿನೊಳಗಾದ್ರ ಸರಿ. ಎರಡರಿಂದ ನಾಲ್ಕು ತಾಸಾಗಿದ್ರ ಅಲ್ಲೇ ಆಗಲೇ ಬಡಿಸಿ ಮುಗಿಸ್ರಿ, ಇಟ್ಕೊಳ್ಳೂ ಮಾತಿಲ್ಲ. ನಾಲ್ಕು ದಾಟಿದ್ರ ಯಾರಿಗೂ ಬ್ಯಾಡ. ಮಂಟಪದಾಗ ಕಳೆದ ಹೊತ್ತೂ ಈ ಲೆಕ್ಕದಾಗ ಬರ್ತೈತಿ. ಭಾಳ ಮಂದಿ ಗಾಡಿಗೆ ಏರಿಸಿದ ಮ್ಯಾಲೆ ಗಡಿಯಾರ ಶುರು ಮಾಡ್ತಾರ, ಅದು ತಪ್ಪು.

ಅನ್ನದ ಮಾತು ಬಿಡಿಸಿ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಎಡವೂದು ಅಲ್ಲೇ. ಅಕ್ಕಿಯೊಳಗ ಬ್ಯಾಸಿಲಸ್ ಸೀರಿಯಸ್ ಅನ್ನೂ ಸೂಕ್ಷ್ಮಜೀವಿಯ ಬೀಜಕಣ ಇರ್ತಾವ. ಕುದಿಸಿದ್ರೂ ಅವು ಉಳೀತಾವ. ಅನ್ನ ಉಗುರುಬೆಚ್ಚಗಾಗಿ ತಾಸುಗಟ್ಟಲೆ ಕುಂತ್ರ ಮೊಳೆತು ಬೆಳದು ವಿಷ ಬಿಡ್ತಾವ. ವಾಂತಿ ಮಾಡಿಸೂ ಆ ವಿಷ ಮತ್ತ ಬಿಸಿ ಮಾಡಿದ್ರ ಹೋಗೂದಿಲ್ಲ, ವಾಸನಿನೂ ಬರೂದಿಲ್ಲ. ಬಡಿಸೂವರ ಕೈಯಿಂದ ಸೇರೂ ಸ್ಟೆಫೈಲೋಕಾಕಸ್ ವಿಷಾನೂ ಹಂಗ. ಅದಕ್ಕ 'ಮೂಸಿ ನೋಡಿದ್ವಿ, ಚಲೋ ಇತ್ತು' ಅನ್ನೂದು ಪರೀಕ್ಷೆನೇ ಅಲ್ಲ. ಆರಿದ ಅನ್ನ ಬಿಸಿ ಮಾಡಿ ಕೊಡೂ ಪದ್ಧತಿ ಇಟ್ಕೋಬ್ಯಾಡ್ರಿ. ಸಾರು, ಸಾಂಬಾರು ಮಾತ್ರ 60ಕ್ಕಿಂತ ಕೆಳಗಿಳಿದು ಒಂದು ತಾಸೊಳಗಿದ್ರ ಕುದಿ ಬರೂಹಂಗ ಕಾಸಿ, ನಡುವಿನ ಶಾಖ 75 ಮುಟ್ಟಿದ್ದು ನೋಡಿ ಒಯ್ಯಬಹುದು.

ತರಬಾರದ್ದು: ತೆಂಗಿನ ಚಟ್ನಿ, ನೆನೆಹಾಕಿದ ಬ್ಯಾಳಿ ಕೋಸಂಬರಿ, ಹೆಚ್ಚಿದ ಹಣ್ಣು, ಹಾಲಿನ ಪಾಯಸ, ಬಿಸಿಲಿನಾಗ ಕುಂತ ಮಜ್ಜಿಗಿ, ಮತ್ತ ಬಡಿಸೂ ಬಕೀಟಿನಾಗ ಉಳಿದದ್ದು ಏನೇ ಇರಲಿ. ಹೋಳಿಗಿ ಹೂರಣ ಬ್ಯಾಸಿಗ್ಯಾಗ ಲಗೂನ ಹುಳಿತೈತಿ, ಅದೇ ದಿನ ಮುಗೀಬೇಕು. ಚಪಾತಿ ಬಿಸಿ ಇದ್ದಾಗ ಒಂದರ ಮ್ಯಾಲೊಂದು ಒಟ್ಟಿದ್ರ ಉಗಿಗೆ ಬೆವರಿ ಅಂಟ್ತಾವ, ಅರಿವಿ ಮ್ಯಾಲೆ ಹರವಿ ಆರಿಸಿ ತುಂಬ್ರಿ. ಕಡಕ್ ರೊಟ್ಟಿ, ಬುಂದೆ ಲಾಡು, ಜಿಲೇಬಿ ತಂಟಿ ಇಲ್ಲದ ಸಾಮಾನು. ಬದನಿಕಾಯಿ ಎಣಗಾಯಿ ತಂದ್ರ ಶೇಂಗಾ ಐತಿ ಅಂತ ಚೀಟಿ ಮ್ಯಾಲೆ ಬರೀರಿ.

ಈಗ ಹೊತ್ತಿನ ಮಾತು. ಅಕ್ಕಿಕಾಳು ಹನ್ನೆರಡೂವರಿಗೆ ಬಿದ್ರ ಕಡೀ ಪಂಕ್ತಿ ಮೂರಕ್ಕ ಏಳ್ತೈತಿ. ನಿಮಗ ಫೋನ್ ಬರೂದು ಮೂರೂವರಿಗೆ, ಮುಟ್ಟೂದು ನಾಲ್ಕಕ್ಕ. ಅನ್ನ ಆಗಿದ್ದು ಹನ್ನೊಂದೂವರಿಗೆ. ಲೆಕ್ಕ ಅಲ್ಲೇ ಮುಗೀತು. ಅದೂ ಅಲ್ಲದ ನಾಲ್ಕಕ್ಕ ಯಾರು ಊಟ ಮಾಡ್ತಾರ? ಮಧ್ಯಾಹ್ನದ ಊಟ ತಪ್ಪಿದವರು ನೀರು ಕುಡದು ಕುಂತಿರ್ತಾರ, ರಾತ್ರಿ ಊಟಕ್ಕ ಇನ್ನೂ ನಾಲ್ಕು ತಾಸು ಬೇಕು. ಇದಕ್ಕ ಉಪಾಯ ಅಂದ್ರ 'ಉಳಿದದ್ದು' ಅನ್ನೂ ಮಾತನ್ನ ಬಿಟ್ಟು 'ಮೀಸಲು' ಅಂತ ಹಿಡಿಯೂದು. ಎರಡನೇ ಪಂಕ್ತಿ ಏಳೂ ಹೊತ್ತಿಗೆ, ಅಂದ್ರ ಒಂದೂ ಮುಕ್ಕಾಲಕ್ಕ, ಇನ್ನ ಎಷ್ಟು ಮಂದಿ ಬರ್ತಾರ, ಯಾವ ಡಬರಿ ಮುಟ್ಟೂದಿಲ್ಲ ಅನ್ನೂದು ಅಡಿಗಿ ಭಟ್ಟರಿಗೆ ಗೊತ್ತಾಗಿರ್ತೈತಿ. ಆ ಹೊತ್ತಿಗೆ ನೀವೇ ಅವರಿಗೆ ಫೋನ್ ಮಾಡ್ರಿ. ಮುಚ್ಚಿದ್ದ ಡಬರಿ ಮುಚ್ಚಿದಂಗೇ, ಎರಡೂವರಿ ಒಳಗ ಹೊರಗ ಬರಬೇಕು.

ಇನ್ನೂ ಚಲೋದಂದ್ರ ಬೇಯಿಸದೇ ಉಳಿಸೂದು. ರೊಟ್ಟಿ, ಚಪಾತಿ, ಸಿಹಿ ಎಲ್ಲಾ ಇರೂ ಲಗ್ನದಾಗ ನೂರು ಮಂದಿಗೆ 8ರಿಂದ 10 ಕೆ.ಜಿ. ಅಕ್ಕಿ ಸಾಕು. ಕಡೀ ಸರತಿ ಅಕ್ಕಿ 10 ಕೆ.ಜಿ.ಯಂಗ ಸಣ್ಣ ಸಣ್ಣದಾಗಿ ಹಾಕ್ರಿ ಅಂತ ಭಟ್ಟರಿಗೆ ಹೇಳ್ರಿ. ನೆನೆಹಾಕದ ಅಕ್ಕಿ, ಒಡೀದ ಎಣ್ಣಿ ಪಾಕೀಟು, ಬೆಲ್ಲ, ಬ್ಯಾಳಿ ಉಳಿದ್ರ ಯಜಮಾನರು ಖುಷಿಲೆ ಕೊಡ್ತಾರ. ಅವು ತಿಂಗಳುಗಟ್ಟಲೆ ಇರ್ತಾವ. 10 ಕೆ.ಜಿ. ಅಕ್ಕಿ ಬೆಂದ್ರ 28 ಕೆ.ಜಿ. ಆಸುಪಾಸು ಅನ್ನ ಆಗ್ತೈತಿ, ತಾಟಿಗೆ ಕಾಲು ಕೆ.ಜಿ. ಹಿಡಿದ್ರ ನೂರಾ ಹತ್ತು ಮಂದಿ ಊಟ.

ಮಂಟಪದಾಗ ಮೂರು ಮಂದಿ ಒಪ್ಪಿಗಿ ಬೇಕು. ಅಡಿಗಿ ಒಡೆತನ ಲಗ್ನದ ಮನಿಯವರದು, ಗೇಟಿನ ಕೀಲಿ ಮ್ಯಾನೇಜರದು, ಸೌಟು ಭಟ್ಟರದು. ಹೆಣ್ಣು ಒಪ್ಪಿಸೂ ಹೊತ್ತಿನಾಗ ಹೋಗಿ ಯಜಮಾನರನ್ನ ಕೇಳಬ್ಯಾಡ್ರಿ, ಬುಕಿಂಗ್ ದಿನಾನೇ ಒಂದು ಸಾಲಿಗೆ ಸಹಿ ಆಗಿರ್ಲಿ. ಮತ್ತ ಪಾತ್ರಿ ತಿಕ್ಕೂವರು, ಬಡಿಸೂವರು ಮನಿಗೆ ಒಯ್ಯೂ ಪಾಲು ಇರ್ತೈತಿ. ಅದು ಅವರ ಹಕ್ಕು. ಮೊದಲ ಅವರ ಡಬ್ಬಿ ತುಂಬಲಿ. ಅವರ ಪಾಲಿಗೆ ಕೈ ಹಾಕಿದ್ರಿ ಅಂದ್ರ ಆ ಮಂಟಪದಿಂದ ನಿಮಗ ಮತ್ತ ಫೋನ್ ಬರೂದಿಲ್ಲ, ಬರಲೂಬಾರದು.

ಸಾಮಾನು ಅಂದ್ರ 20 ಲೀಟರಿನ ಮುಚ್ಚಳ ಬಿಗಿ ಇರೂ ಸ್ಟೀಲ್ ಕ್ಯಾನು ಆರು, ಅವು ಕೂಡೂವಂಥ ಶಾಖ ಹಿಡಿಯೂ ಪೆಟ್ಟಿಗಿ, ಚುಚ್ಚಿ ನೋಡೂ ಥರ್ಮಾಮೀಟರ್ ಎರಡು. ಹೊರಡೂ ಮುಂದ ಕ್ಯಾನಿಗೆ ಕುದಿಯೂ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲ್ರಿ. ತಣ್ಣನ ಸ್ಟೀಲಿಗೆ ಅನ್ನ ತುಂಬಿದ್ರ ತುಂಬಿದಾಗಲೇ ಶಾಖ ಇಳೀತೈತಿ. ಕ್ಯಾನು ಅರ್ಧ ತುಂಬಬ್ಯಾಡ್ರಿ, ಖಾಲಿ ಜಾಗ ಇದ್ದಷ್ಟೂ ಲಗೂ ಆರ್ತೈತಿ. ಥರ್ಮಾಮೀಟರ್ ವಾರಕ್ಕೊಮ್ಮೆ ಪುಡಿ ಬರ್ಫ ಕಲಸಿದ ನೀರಿನಾಗ ಇಟ್ಟು ನೋಡ್ರಿ, ಸೊನ್ನೆ ತೋರಿಸಬೇಕು. ಕುದಿಯೂ ನೀರಿನಾಗ 100 ತೋರಿಸ್ಲಿಲ್ಲ ಅಂತ ಗಾಬರಿ ಬ್ಯಾಡ. ನಮ್ಮ ಊರು ಸಮುದ್ರಕ್ಕಿಂತ ಆರೇಳ್ನೂರು ಮೀಟರ್ ಎತ್ತರದಾಗ ಐತಿ, ಇಲ್ಲಿ ನೀರು ಸುಮಾರು 98ಕ್ಕ ಕುದೀತೈತಿ. ಚುಚ್ಚೂ ಮುಂದ ಡಬರಿ ನಟ್ಟನಡುವ ಚುಚ್ಚಿ ಮುಳ್ಳು ನಿಲ್ಲೂತನಕ ಕಾಯ್ರಿ. ಒಂದು ಡಬರಿಯಿಂದ ಇನ್ನೊಂದಕ್ಕ ಹೋಗೂ ಮುಂದ ಬಿಸಿನೀರಿನಾಗ ಅದ್ದಿ ಒರಸ್ರಿ.

ಹುಬ್ಬಳ್ಳಿ ಅಡಿಗಿ ಹುಬ್ಬಳ್ಳಿಯೊಳಗ, ಧಾರವಾಡದ್ದು ಧಾರವಾಡದೊಳಗ ಮುಗಿಸ್ರಿ. ನಡುವಿನ ಇಪ್ಪತ್ತು ಚಿಲ್ಲರ ಕಿಲೋಮೀಟರು ಚಿಗರಿ ಬಸ್ಸಿಗೆ ಬ್ಯಾರೆ ದಾರಿ ಐತಿ, ನಿಮ್ಮ ಗೂಡ್ಸ್ ಆಟೊಕ್ಕ ಇಲ್ಲ. ಸುತ್ತಲಿನ ಐದಾರು ಕಿಲೋಮೀಟರ್ ಒಳಗೇ ಇರ್ರಿ. ಎಷ್ಟು ಊಟ ಇದ್ರ ಗಾಡಿ ಹೊರಡಬೇಕು ಅನ್ನೂದನ್ನೂ ಮೊದಲೇ ಕಟ್ಟ್ರಿ. ಒಂದು ಸಲ ಹೋಗಿ ಬರಾಕ ಡ್ರೈವರ್, ಎಣ್ಣಿ, ತೊಳಿಯೂದು ಸೇರಿ 500 ರೂಪಾಯಿ ಬಿತ್ತು ಅಂದ್ಕೊಳ್ರಿ. 40 ಊಟ ಸಿಕ್ರ ತಾಟಿಗೆ ಹನ್ನೆರಡೂವರಿ, 100 ಸಿಕ್ರ ಐದು. 60 ಊಟಕ್ಕಿಂತ ಕಡಿಮಿ ಇದ್ರ ಮಂಟಪದ ಪಕ್ಕದ ಓಣಿಯೊಳಗೇ ಹಂಚೂ ಏರ್ಪಾಡು ಮಾಡ್ರಿ.

ಆಸ್ಪತ್ರಿ ಹತ್ರ ಕೊಡೂದು ರೋಗಿ ಕಡೆಯವರಿಗೆ ಮಾತ್ರ. ರೋಗಿಗೆ ಕೊಡಬ್ಯಾಡ್ರಿ, ಪಥ್ಯ ಇರ್ತೈತಿ. ಉಣ್ಣೂವರ ಫೋಟೊ ತಗೀಬ್ಯಾಡ್ರಿ. ಡಬರಿ ಫೋಟೊ ತಗೀರಿ, ಥರ್ಮಾಮೀಟರ್ ಕಾಣೂಹಂಗ.

ಗೋಕುಲರಸ್ತೆ_ಐವರು

ಬಹಳ ಉಪಕಾರ ಆಯ್ತು. ಸಮುದಾಯ ಫ್ರಿಜ್ ಇಡುವ ಯೋಚನೆಯೂ ಇತ್ತು: ರಸ್ತೆ ಬದಿಗೆ ಒಂದು ಫ್ರಿಜ್, ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ಒಯ್ಯಬಹುದು. ರಾತ್ರಿ ಆರತಕ್ಷತೆಯಲ್ಲಿ ಹತ್ತೂವರೆಗೆ ಉಳಿಯುವ ಅಡುಗೆಗೆ ಆಗಬಹುದೇ?

ಧಾರವಾಡ_ಅಡಿಗಿಮನಿ

ಬೇಯಿಸಿದ ಅಡಿಗಿಗೆ ಬ್ಯಾಡ್ರಿ. ಮನಿ ಫ್ರಿಜ್‌ಗೆ ತಣ್ಣಗಿದ್ದದ್ದನ್ನ ತಣ್ಣಗಿಡೂ ತಾಕತ್ತು ಐತಿ, 10 ಕೆ.ಜಿ. ಬಿಸಿ ಅನ್ನ ಆರಿಸೂ ತಾಕತ್ತಿಲ್ಲ. ಡಬ್ಬಿ ನಟ್ಟನಡುವ ಬೆಳಗಿನತನಕ ಬೆಚ್ಚಗ ಉಳೀತೈತಿ, ಜೊತಿಗೆ ಫ್ರಿಜ್ಜಿನಾಗ ಇದ್ದ ಹಾಲೂ ಕೆಡ್ತೈತಿ. ಯಾರು ಯಾವಾಗ ಇಟ್ರು ಅನ್ನೂದು ಗೊತ್ತಿರೂದಿಲ್ಲ, ಕರೆಂಟ್ ಹೋಗಿದ್ದು ಯಾರಿಗೂ ಗೊತ್ತಿರೂದಿಲ್ಲ. ಬ್ರೆಡ್, ಹಾಲಿನ ಪಾಕೀಟು, ಇಡೀ ಹಣ್ಣು ಇಡಾಕ, ದಿನಾ ಎರಡು ಸಲ ತೆಗೆದು ನೋಡೂ ಒಬ್ಬರು ಅದೇ ಓಣಿಯೊಳಗ ಇದ್ರ ನಡೀತೈತಿ. ರಾತ್ರಿ ಹತ್ತೂವರಿ ಅಡಿಗಿಗೆ ಎಚ್ಚರ ಇರೂ ಜಾಗ ಬೇಕು: ದವಾಖಾನಿ ಹೊರಗ, ರೈಲ್ವೆ ಸ್ಟೇಷನ್, ರಾತ್ರಿ ಲೋಡ್ ಇಳಿಸೂ ಹಮಾಲರು. ಮಲಗಿದವರನ್ನ ಎಬ್ಬಿಸಿ ಕೊಡಬ್ಯಾಡ್ರಿ, ತಲಿ ಹತ್ರ ಇಟ್ಟು ಬಂದ್ರ ಅವರು ಬೆಳಿಗ್ಗೆ ಎದ್ದು ಉಣ್ತಾರ, ಅದೇ ಅಪಾಯ.

ಲೆಕ್ಕ_ಪತ್ರ

ನೋಂದಣಿ ಮತ್ತು ಹಣದ ಬಗ್ಗೆ.

ಬೇಗ ಆಗುವುದು ಟ್ರಸ್ಟ್: ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದರೆ ಆಯಿತು. ಸಂಘವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು, ನೀವು ಐದೇ ಇದ್ದೀರಿ. ವ್ಯಾಪಾರದ ಆದಾಯವೂ ಬರಬೇಕು, ದೊಡ್ಡ ಕಂಪನಿಗಳ ಜೊತೆ ಒಪ್ಪಂದವೂ ಆಗಬೇಕು ಅನ್ನುವುದಾದರೆ ಕಂಪನಿ ಕಾಯ್ದೆ 2013ರ ಸೆಕ್ಷನ್ 8 ಕಂಪನಿ ಸರಿ. ಇಬ್ಬರು ನಿರ್ದೇಶಕರು ಸಾಕು. ಲಾಭ ಮಾಡಬಹುದು, ಆದರೆ ಲಾಭಾಂಶ ಹಂಚುವಂತಿಲ್ಲ, ಪೂರ್ತಿ ಉದ್ದೇಶಕ್ಕೇ ಹೋಗಬೇಕು. ವಹಿವಾಟು ಎಷ್ಟೇ ಚಿಕ್ಕದಿರಲಿ, ಪ್ರತಿವರ್ಷ ಆಡಿಟ್ ಕಡ್ಡಾಯ. ಆ ಖರ್ಚನ್ನು ಮೊದಲ ವರ್ಷದ ಅಂದಾಜಿನಲ್ಲೇ ಬರೆದುಕೊಳ್ಳಿ.

ಆಹಾರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲಿ ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಗೆಂದೇ ಪ್ರತ್ಯೇಕ ನಿಯಮಾವಳಿ ಹೊರಡಿಸಿದೆ. ಉಚಿತವಾಗಿ ಹಂಚುತ್ತೇವೆ, ನಮಗೇಕೆ ನೋಂದಣಿ ಅಂದುಕೊಳ್ಳಬೇಡಿ. ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ನೋಂದಣಿ ಮಾಡಿಸಿ. ತಂದ ಪ್ರತಿ ಕ್ಯಾನಿಗೂ ಒಂದು ಚೀಟಿ ಇರಲಿ: ಪದಾರ್ಥದ ಹೆಸರು, ಸಸ್ಯಾಹಾರವೋ ಅಲ್ಲವೋ, ಎಲ್ಲಿಂದ ಬಂತು, ಎಷ್ಟು ಹೊತ್ತಿಗೆ ಬೆಂದದ್ದು, ಎಷ್ಟು ಹೊತ್ತಿನೊಳಗೆ ಮುಗಿಸಬೇಕು. ಪ್ರತಿ ಸರಕಿನಿಂದ 100 ಗ್ರಾಂ ತೆಗೆದು, ಶುದ್ಧ ಡಬ್ಬಿಯಲ್ಲಿ, ನಿಮ್ಮ ಫ್ರಿಜ್‌ನಲ್ಲಿ ಮೂರು ದಿನ ಇಡಿ. ಯಾರಿಗಾದರೂ ಹೊಟ್ಟೆ ಕೆಟ್ಟಿತು ಅಂದಾಗ ಕಾರಣ ಹುಡುಕಲು ಅದೊಂದೇ ದಾರಿ.

ಹೊಸಬರು ದೊಡ್ಡದಾಗಿ ಎಡವುವುದು ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣದಲ್ಲಿ. ಕಂಪನಿ ಕಾಯ್ದೆಯ ಸೆಕ್ಷನ್ 135ರ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2 ಪ್ರತಿಶತ ಖರ್ಚು ಮಾಡಬೇಕು, ನಿಜ. ಆದರೆ ಅವರು ಹೊರಗಿನ ಸಂಸ್ಥೆಗೆ ಕೊಡಬೇಕಾದರೆ ಆ ಸಂಸ್ಥೆಗೆ ಆದಾಯ ತೆರಿಗೆ ಕಾಯ್ದೆಯಡಿ ಧರ್ಮಾರ್ಥ ಸಂಸ್ಥೆಯ ನೋಂದಣಿ (12ಎ, 80ಜಿ ಅಂತ ಕರೆಯುವುದು) ಇರಬೇಕು, 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಿಎಸ್‌ಆರ್-1 ನಮೂನೆ ತುಂಬಿರಬೇಕು, ಜೊತೆಗೆ ಇಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. ಅಂದರೆ ಮೊದಲ ಮೂರು ವರ್ಷ ಆ ಹಣ ನಿಮಗೆ ನೇರವಾಗಿ ಬರುವುದಿಲ್ಲ. ಬಂದೇಬರುತ್ತದೆ ಅಂತ ಸಾಲ ಮಾಡಿ ಗಾಡಿ ಕೊಳ್ಳಬೇಡಿ. ಅರ್ಹತೆ ಇರುವ ಊರಿನ ಹಳೆಯ ಟ್ರಸ್ಟ್ ಒಂದರ ಯೋಜನೆಯಾಗಿ ಮೊದಲ ಮೂರು ವರ್ಷ ನಡೆಸಿ, ನಿಮ್ಮ ಲೆಕ್ಕ ಪ್ರತ್ಯೇಕ ಇಟ್ಟುಕೊಳ್ಳಿ.

ದುಡಿಮೆ ಎಲ್ಲಿಂದ? ಊಟ ಮಾರಬೇಡಿ, ಮಂಟಪಕ್ಕೆ ಮತ್ತು ಅಡುಗೆ ಗುತ್ತಿಗೆದಾರರಿಗೆ ಸೇವೆ ಮಾರಿ. ದಿನಕ್ಕೆ 100 ಕೆ.ಜಿ. ಮೀರಿ ಕಸ ಹುಟ್ಟಿಸುವವರು ಹಸಿಕಸದ ಜವಾಬ್ದಾರಿ ತಾವೇ ಹೊರಬೇಕು ಅನ್ನುವುದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿದೆ. ಮಂಟಪದವರಿಗೆ ಇದು ತಲೆನೋವು. ಹಸಿಕಸ ಬೇರ್ಪಡಿಸಿ ಗೊಬ್ಬರಕ್ಕೆ ಕಳಿಸುವುದು, ಮೀಸಲು ಅಡುಗೆ ಒಯ್ಯುವುದು, ಎರಡನ್ನೂ ಸೇರಿಸಿ ತಿಂಗಳ ದರ ಕಟ್ಟಿ. ಇನ್ನೊಂದು, ಪ್ರತಿ ಮದುವೆಯಲ್ಲೂ ಎಷ್ಟು ಮಂದಿ ಉಂಡರು, ಯಾವ ಪದಾರ್ಥ ಎಷ್ಟು ಕೆ.ಜಿ. ಉಳಿಯಿತು ಅನ್ನುವುದನ್ನು ತೂಕ ಹಾಕಿ ಬರೆದಿಡಿ. ಇಪ್ಪತ್ತು ಮದುವೆಯ ಪಟ್ಟಿ ಕೈಯಲ್ಲಿದ್ದರೆ 'ನೂರು ಜನಕ್ಕೆ ನೀವು ಪುಲಾವ್ ಇಷ್ಟು ಹೆಚ್ಚು ಮಾಡುತ್ತಿದ್ದೀರಿ' ಅಂತ ತೋರಿಸಬಹುದು. ಗುತ್ತಿಗೆದಾರರು ಅದಕ್ಕೆ ದುಡ್ಡು ಕೊಡುತ್ತಾರೆ, ಯಾಕೆಂದರೆ ಅವರಿಗೆ ಅಕ್ಕಿ, ಎಣ್ಣೆ ಉಳಿಯುತ್ತದೆ. ಇದರಿಂದ ನಿಮಗೆ ಬರುವ ಅಡುಗೆ ಕಡಿಮೆಯಾಗುತ್ತದೆ. ಆಗಲಿ, ನೀವು ಹೊರಟಿದ್ದೇ ಅದಕ್ಕೆ.

ಹಾವೇರಿ_ಸಂತಿ

ಎಲ್ಲಾರೂ ಲಗ್ನದ ಮಾತೇ ಆಡ್ಲಿಕ್ಕತ್ತೀರಿ. ಹಸಿವು ದಿನಾ ಇರ್ತೈತಿ, ಲಗ್ನ ದಿನಾ ಇರೂದಿಲ್ಲ. ಆಷಾಢದಾಗ ಇಲ್ಲ, ಪಿತೃಪಕ್ಷದಾಗ ಇಲ್ಲ, ಧನುರ್ಮಾಸದಾಗ ಇಲ್ಲ. ವೈಶಾಖದಾಗ ಒಂದೇ ದಿನ ಹತ್ತು ಫೋನ್ ಬರ್ತಾವ, ಆಷಾಢದಾಗ ನಿಮ್ಮ ದಾರಿ ಕಾಯೂವರು ಅಲ್ಲೇ ಕುಂತಿರ್ತಾರ, ಡ್ರೈವರ್ ಪಗಾರನೂ ಕೊಡಬೇಕು. ಅದಕ್ಕ ಎರಡನೇ ಕಾಲು ಬೇಕು, ಅದು ಎಪಿಎಂಸಿ ಕಾಯಿಪಲ್ಲೆ.

ಅಮರಗೋಳ ಮಾರ್ಕೆಟ್ ಆಗಲಿ, ಹಾವೇರಿ, ರಾಣೆಬೆನ್ನೂರು ಆಗಲಿ, ಸವಾಲು (ಹರಾಜು) ಮುಗಿದ ಮ್ಯಾಲೆ ದಲಾಲಿ ಅಂಗಡಿ ಮುಂದ ಉಳಿಯೂದು ಎರಡು ನಮೂನಿ. ಒಂದು ಕೊಳೆತದ್ದು. ಇನ್ನೊಂದು ಬರೀ ಸಣ್ಣದು, ಸೊಟ್ಟದ್ದು, ಇಲ್ಲಾ ಭಾಳ ಹಣ್ಣಾಗಿದ್ದು. ಎರಡನೇದಷ್ಟೇ ನಿಮ್ಮದು, ಮತ್ತ ಅದನ್ನ ಅಲ್ಲೇ ಆರಿಸಿ ತರಬೇಕು. ಒಂದು ಕೊಳೆತ ಟೊಮೆಟೊ ಇಡೀ ಕ್ರೇಟಿನ ಮ್ಯಾಲೆ ರಸ ಇಳಿಸ್ತೈತಿ. ಆರಿಸಾಕ ಹಮಾಲರಿಗೇ ಕೂಲಿ ಕೊಡ್ರಿ, ಅವರ ಕಣ್ಣಿಗೆ ತಿಳಿದಷ್ಟು ನಿಮಗ ತಿಳಿಯೂದಿಲ್ಲ. ರೈತರ ಮಾಲು ಪುಕ್ಕಟೆ ತರೂ ರೂಢಿ ಹಾಕ್ಕೋಬ್ಯಾಡ್ರಿ. ಕೆ.ಜಿ.ಗೆ ಒಂದೆರಡು ರೂಪಾಯಿ ಆದ್ರೂ ಅವರ ಕೈಯಾಗ ಹೋಗಬೇಕು, ಬಾಡಿಗಿಗಾದ್ರೂ ಆಗ್ತೈತಿ.

ತಂದದ್ದನ್ನ ಒಣಗಿಸ್ರಿ. ಟೊಮೆಟೊದಾಗ ನೂರಕ್ಕ 94 ಪಾಲು ನೀರು, 100 ಕೆ.ಜಿ. ಒಣಗಿಸಿದ್ರ 6ರಿಂದ 7 ಕೆ.ಜಿ. ಕೈಗೆ ಬರ್ತೈತಿ. ಉಳ್ಳಾಗಡ್ಡಿ ಆದ್ರ 11, 12 ಕೆ.ಜಿ. ಗಾಜಿನ ಇಲ್ಲಾ ಪಾಲಿಕಾರ್ಬೊನೇಟ್ ಹೊದಿಕಿ ಇರೂ ಸೌರ ಒಣಗಿಸೂ ಪೆಟ್ಟಿಗಿಯೊಳಗ 50ರಿಂದ 60 ಡಿಗ್ರಿ ಇರಬೇಕು, ಹೋಳು 5 ಮಿಲಿಮೀಟರ್ ದಪ್ಪ. ಇದಕ್ಕಿಂತ ದಪ್ಪ ಆದ್ರ, ಇಲ್ಲಾ ಮೊದಲ ತಾಸಿನಾಗೇ 70 ದಾಟಿದ್ರ, ಮ್ಯಾಲಿನ ಚರ್ಮ ಬಿರಸಾಗಿ ಒಳಗ ನೀರು ಉಳೀತೈತಿ. ಹೊರಗ ಒಣಗಿದಂಗ ಕಾಣ್ತೈತಿ, ಹದಿನೈದು ದಿನಕ್ಕ ಡಬ್ಬಿಯೊಳಗ ಬೂಸ್ಟು ಹಿಡೀತೈತಿ. ಹದ ನೋಡೂದು ಹಿಂಗ: ಆರಿದ ಮ್ಯಾಲೆ ಹೋಳು ಮಡಚಿದ್ರ ಚಟ್ ಅಂತ ಮುರೀಬೇಕು, ಬಾಗಬಾರದು. ಬಿಸಿ ಇದ್ದಾಗ ಪರೀಕ್ಷೆ ಮಾಡಬ್ಯಾಡ್ರಿ, ಬಿಸಿಗೆ ಎಲ್ಲಾ ಬಾಗ್ತಾವ.

ಇದನ್ನ ಮಳಿಗಾಲದಾಗ ಶುರು ಮಾಡಬ್ಯಾಡ್ರಿ. ಜೂನ್‌ದಿಂದ ಹಸಿ ಗಾಳಿ, ಬಿಸಿಲಿಲ್ಲ, ಹಗಲು ಒಣಗಿದ್ದು ರಾತ್ರಿ ಮತ್ತ ಮೆತ್ತಗ ಆಗ್ತೈತಿ. ಫೆಬ್ರವರಿಯಿಂದ ಮೇ ತನಕ ಒಣಗಿಸಿ ಗಾಳಿ ಆಡದ ಡಬ್ಬಿಯೊಳಗ ತುಂಬಿಡ್ರಿ. ಲಗ್ನ ಇಲ್ಲದ ಆಷಾಢದಾಗ ಆ ಡಬ್ಬಿ ತೆಗೆದು, ಲಗ್ನದವರು ಕೊಟ್ಟ ಹಸಿ ಅಕ್ಕಿ ಬ್ಯಾಳಿ ಕೂಡಿಸಿ ನಿಮ್ಮ ಖೋಲ್ಯಾಗೇ ಬಿಸಿ ಅನ್ನ ಸಾರು ಮಾಡ್ರಿ. ಅರ್ಧ ಮಾಲು ಹಿಂಗ ಹೊಟ್ಟಿಗೆ, ಅರ್ಧ ಟೊಮೆಟೊ ಪುಡಿ, ಸಾಂಬಾರು ಮಿಶ್ರಣ ಮಾಡಿ ಖಾನಾವಳಿಗಳಿಗೆ ಮಾರಾಕ. ಪಗಾರ ಅಲ್ಲಿಂದ ಹುಟ್ಟಬೇಕು.

ಒಣಗಿಸೂ ಕೆಲಸ ಸ್ತ್ರೀಶಕ್ತಿ ಸಂಘಕ್ಕ ವಹಿಸ್ರಿ. ತರಬೇತಿಗೆ ಹನುಮನಮಟ್ಟಿ ಇಲ್ಲಾ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ, ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ವಿಚಾರಿಸ್ರಿ. ಕಿರು ಆಹಾರ ಉದ್ಯಮಕ್ಕ 2020ರಾಗ ಬಂದ ಪಿಎಂಎಫ್‌ಎಂಇ ಯೋಜನೆಯೊಳಗ ಯಂತ್ರದ ಖರ್ಚಿಗೆ ನೂರಕ್ಕ 35, ಹೆಚ್ಚಂದ್ರ 10 ಲಕ್ಷ ಅಂತ ಕೇಂದ್ರದ ಸಹಾಯಧನ ಇಟ್ಟಾರ. ಅದು ಬ್ಯಾಂಕ್ ಸಾಲದ ಜೊತಿಗೇ ಬರೂವಂಥದ್ದು. ಅರ್ಜಿ ಸ್ತ್ರೀಶಕ್ತಿ ಸಂಘದ ಹೆಸರಿನಾಗ ಹಾಕ್ರಿ, ಈ ವರ್ಷ ತೊಗೊಳ್ಳಾಕತ್ತಾರೋ ಇಲ್ಲೋ ಅಂತ ಕೃಷಿ ಇಲಾಖೆಯೊಳಗ ಮೊದಲ ಕೇಳ್ರಿ.

ಬೆಟಗೇರಿ_ಬೀದಿ

ಗದಗ ಕಡೆಯಿಂದ ಎರಡೇ ಮಾತು. ಮಠದ ದಾಸೋಹಕ್ಕ ಹೊರಗಿನ ಬೆಂದ ಅಡಿಗಿ ಹಿಡ್ಕೊಂಡು ಹೋಗಿ ನಿಲ್ಲಬ್ಯಾಡ್ರಿ. ಅಲ್ಲಿ ಅಕ್ಕಿ, ಬ್ಯಾಳಿ, ಕಾಯಿಪಲ್ಲೆ ಕೊಟ್ರ ಅವರೇ ಮಾಡಿ ನೂರಾರು ಮಂದಿಗೆ ಬಡಿಸ್ತಾರ, ಅವರ ಒಲಿ ನಿಮಗಿಂತ ದೊಡ್ಡದು. ಸಣ್ಣ ಊರಾಗ ಬ್ಯಾರೆ ಅಡಿಗಿಮನಿ ಕಟ್ಟೂ ಜರೂರತ್ತೇ ಇಲ್ಲ.

ಎರಡನೇದು, ಹೊತ್ತು ಮೀರಿದ ಅನ್ನ ಆಕಳಿಗೆ ಹಾಕಿ ಪುಣ್ಯ ಬಂತು ಅನ್ನೂವರು ಭಾಳ. ಹೊಟ್ಟಿ ತುಂಬ ಅನ್ನ, ಬುಂದೆ, ಹೋಳಿಗಿ ತಿಂದ ಆಕಳಿನ ಮೆಲಕು ಚೀಲದಾಗ ಒಮ್ಮೆಲೆ ಹುಳಿ ಏರ್ತೈತಿ. ಮೆಲಕು ಹಾಕೂದು ಬಿಡ್ತೈತಿ, ನೆಲಕ್ಕ ಬೀಳ್ತೈತಿ, ಸತ್ತೂ ಹೋಗ್ತೈತಿ. ಗೋಶಾಲೆಗೆ ಕಾಯಿಪಲ್ಲೆ ಸಿಪ್ಪಿ, ಉಣ್ಣದ ಹಸಿ ಬಾಳಿ ಎಲಿ ಕೊಡ್ರಿ. ಕೆಟ್ಟ ಅಡಿಗಿ ಗೋಬರ್ ಗ್ಯಾಸ್ ಗುಂಡಿಗೆ ಚಲೋ, ಸಗಣಿಗಿಂತ ಅದರಾಗ ಹೆಚ್ಚು ಗ್ಯಾಸ್ ಹುಟ್ಟತೈತಿ. ಒಮ್ಮೆಲೆ ಸುರೀಬ್ಯಾಡ್ರಿ, ನೀರು ಕಲಸಿ ದಿನಾ ಇಷ್ಟಿಷ್ಟು.

ಗೋಕುಲರಸ್ತೆ_ಐವರು

ಆಷಾಢದ ಮಾತು ನಮ್ಮ ತಲೆಗೇ ಬಂದಿರಲಿಲ್ಲ. ಹಳೆಯ ಟ್ರಸ್ಟ್ ಒಂದನ್ನು ಕೇಳುತ್ತೇವೆ, ಮೊದಲ ತಿಂಗಳು ಎರಡೇ ಮಂಟಪ ಹಿಡಿಯುತ್ತೇವೆ. ಕೊನೆಯ ಎರಡು ಪ್ರಶ್ನೆ: ಕ್ಯಾನ್ ತೊಳೆಯುವ ಕ್ರಮ ಏನು? ಬುಕಿಂಗ್ ಫಾರಂನಲ್ಲಿ ಹಾಕುವ ಆ ಸಾಲು ಹೇಗಿರಬೇಕು?

ಧಾರವಾಡ_ಅಡಿಗಿಮನಿ

ಕ್ಯಾನಿನ ಮುಚ್ಚಳದ ರಬ್ಬರ್ ಉಂಗುರ ದಿನಾ ಬಿಚ್ಚ್ರಿ. ಅದರ ಸಂದಿಯೊಳಗ ಸಾಂಬಾರು ಕುಂತು ಹುಳಿತೈತಿ, ಮರುದಿನದ ಅನ್ನಕ್ಕ ವಾಸನಿ ಅಲ್ಲಿಂದ ಬರ್ತೈತಿ. ಮೊದಲ ತಣ್ಣೀರಿನಾಗ ಗಂಜಿ ಬಿಡಿಸಿ, ಸೋಪು ಹಚ್ಚಿ ತಿಕ್ಕಿ, ಬಿಸಿನೀರಿನಾಗ ಜಾಲಾಡಿಸ್ರಿ. ಆಮ್ಯಾಲ 5 ಲೀಟರ್ ನೀರಿಗೆ 10 ಮಿಲಿ, 5 ಪ್ರತಿಶತದ ಸೋಡಿಯಂ ಹೈಪೋಕ್ಲೋರೈಟ್, ಎರಡು ನಿಮಿಷ ಅಷ್ಟೇ. ಹೆಚ್ಚು ಹೊತ್ತು ಬಿಟ್ರ ಸ್ಟೀಲಿಗೆ ಚುಕ್ಕಿ ಬೀಳ್ತಾವ. ಬೋರಲು ಹಾಕಿ ಗಾಳಿಗೇ ಆರಲಿ, ಅರಿವಿಲೆ ಒರಸಬ್ಯಾಡ್ರಿ. ತೊಳೆದದ್ದೆಲ್ಲಾ ಆ ಅರಿವಿ ಮತ್ತ ಹೊಲಸು ಮಾಡ್ತೈತಿ.

ಫಾರಂನ ಸಾಲು ಹಿಂಗಿರ್ಲಿ: 'ಬಡಿಸಲು ಹೊರಗೆ ತೆಗೆಯದ, ಮುಚ್ಚಿದ ಪಾತ್ರೆಯಲ್ಲಿರುವ ಅಡುಗೆಯನ್ನೂ, ಬಳಸದ ಅಕ್ಕಿ ಬೇಳೆಯನ್ನೂ ಮಧ್ಯಾಹ್ನ 2.30ರೊಳಗೆ, ರಾತ್ರಿಯಾದರೆ 9.30ರೊಳಗೆ, ಅಡುಗೆ ಮುಖ್ಯಸ್ಥರು ತೋರಿಸಿದಷ್ಟನ್ನು ಸಂಸ್ಥೆಗೆ ಕೊಡಲು ನಮ್ಮ ಒಪ್ಪಿಗೆ ಇದೆ. ಅಡುಗೆ ಸಿಬ್ಬಂದಿಯ ಪಾಲು ತೆಗೆದ ನಂತರವೇ ಒಯ್ಯಬೇಕು. ಶಾಖ ಅಥವಾ ಹೊತ್ತು ಸರಿಯಿಲ್ಲದಿದ್ದರೆ ಸಂಸ್ಥೆಯವರು ನಿರಾಕರಿಸಬಹುದು.' ಕಡೀ ವಾಕ್ಯ ಬಿಡಬ್ಯಾಡ್ರಿ. ಯಜಮಾನರು ಪ್ರೀತಿಲೆ ಕೊಡಾಕ ಬಂದಾಗ 'ಒಲ್ಲೆ' ಅನ್ನೂದು ಭಾಳ ಕಷ್ಟ, ಅವರ ಸಹಿ ಕೆಳಗ ಆ ಮಾತು ಮೊದಲೇ ಇದ್ರ ನಿಮ್ಮ ಹುಡುಗರು ಅದನ್ನ ತೋರಿಸಿ ಕೈಮುಗಿದು ಬರಬಹುದು.